ಆಚೆ ದಂಡೆಯ ಟಿವಿ

ಕಾಡಿಗೆ ಹೋಗಿ ಟಿವಿ ನೋಡಿಕೊಂಡು ಬಂದವರು ಅಂತ ನಮ್ಮ ಮನೆಗೆ ಹೆಸರು ಬಿದ್ದಿದೆ. ಇಲ್ಲಿನ ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಕ್ಯಾಂಪಿಂಗ್ ಮಾತು ತೆಗೆದರೆ ಸಾಕು, ನನ್ನ ಹೆಂಡತಿ ಶುರು ಮಾಡುತ್ತಾಳೆ. "ಇವರನ್ನ ಕೇಳಿ. ನಾಲ್ಕು ಗಂಟೆ ಗಾಡಿ ಓಡಿಸಿ, ಫೋನ್ ಕೂಡ ಹತ್ತದ ಜಾಗಕ್ಕೆ ಹೋಗಿ, ಎರಡು ದಿನ ಆಂಟೆನಾ ತಿರುಗಿಸಿದ್ರು." ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಮನೆಗೆ ವಾಪಸ್ ಬರುವಾಗ ಕಾರಿನಲ್ಲಿ ಅದೇ ಯೋಚನೆ ಸುತ್ತುತ್ತಿರುತ್ತದೆ. ಅವಳು ಹೇಳುವುದರಲ್ಲಿ ತಪ್ಪೇನಿದೆ? ಮನೆಯಲ್ಲಿ ನಾನು ಟಿವಿ ಹಾಕುವುದೇ ಅಪರೂಪ. ಗೋಡೆಯ ಮೇಲಿನ 55 ಇಂಚಿನ ಪರದೆಗೆ ವಾರಗಟ್ಟಲೆ ಧೂಳು ಕೂತಿರುತ್ತದೆ. ಅಂಥವನು ಮಿಷಿಗನ್ ಸರೋವರದ ದಂಡೆಯಲ್ಲಿ, ಪೈನ್ ಮರಗಳ ನಡುವೆ, ಬಾಡಿಗೆ ಆರ್‌ವಿಯ, ಅಂದರೆ ಅಡುಗೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿಯ ಒಳಗೆ ಕೈ ಮೇಲೆತ್ತಿಕೊಂಡು ನಿಂತು ಗಂಟೆಗಟ್ಟಲೆ ಆಂಟೆನಾ ಹಿಡಿಕೆ ತಿರುಗಿಸಿದ್ದು ಯಾಕೆ?

ಕೇಳಿದವರಿಗೆಲ್ಲ ನಾನು "ಅಪ್ಪನಿಗೋಸ್ಕರ" ಅಂತ ಹೇಳಿ ಮುಗಿಸುತ್ತೇನೆ. ಅಪ್ಪ ಎದುರಿಗಿಲ್ಲವಲ್ಲ, ಧೈರ್ಯ.

2023ರ ಆಗಸ್ಟ್. ಅಪ್ಪ, ಅವ್ವ ರಾಯಚೂರಿನಿಂದ ಬಂದು ಮೂರು ತಿಂಗಳಾಗಿತ್ತು. ಡೆಟ್ರಾಯಿಟ್ ಹತ್ತಿರದ ನೋವಿಯಲ್ಲಿ ನಮ್ಮ ಮನೆ. ಅಲ್ಲಿ ಅಪ್ಪನಿಗೆ ನೋಡುವಂಥದ್ದೆಲ್ಲ ಒಂದೇ ತಿಂಗಳಲ್ಲಿ ಮುಗಿದಿತ್ತು. ಪಕ್ಕದ ಕೊಳ, ಅದರ ಬಾತುಕೋಳಿಗಳು, ಕಸದ ಗಾಡಿ ಬರುವ ದಿನ, ಇಷ್ಟೇ. ಹೀಗಾಗುತ್ತದೆ ಅಂತ ಗೊತ್ತಿದ್ದೇ, ಅವರು ಬರುವ ಮುಂಚೆಯೇ ಸರೋವರದ ದಂಡೆಯ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಹಿಡಿದಿಟ್ಟಿದ್ದೆ, ಆಗಸ್ಟ್ 21ರಿಂದ 25ರವರೆಗೆ. ಚಂದ್ರಯಾನ-3 ಹಾರಿದ್ದು ಜುಲೈ 14ಕ್ಕೆ. ಅದು ಚಂದ್ರನ ಮೇಲೆ ಇಳಿಯುವುದು ಆಗಸ್ಟ್ 23ರ ಸಂಜೆ 6:04ಕ್ಕೆ ಅಂತ ಇಸ್ರೋ ಹೇಳಿದ ದಿನ ಅಪ್ಪ ಅಡುಗೆಮನೆಯ ಕ್ಯಾಲೆಂಡರ್ ಮುಂದೆ ಹೋಗಿ ನಿಂತ. "ನಮಗ ಇಲ್ಲಿ ಮುಂಜಾನೆ ಎಂಟೂ ಮೂವತ್ನಾಕು" ಅಂದ. ಆಮೇಲೆ, "ಗಾಡಿಯಾಗ ಟಿವಿ ಐತಲ್ಲ?" ಅಂತ ಕೇಳಿದ.

ಗಾಡಿಯಲ್ಲಿ ಟಿವಿ ಇತ್ತು. ಬಾಡಿಗೆಗೆ ಕೊಟ್ಟವರು ಹಾಕಿದ್ದ ಫೋಟೋದಲ್ಲಿ, ಡ್ರೈವರ್ ಸೀಟಿನ ಮೇಲ್ಗಡೆ, ಚೊಕ್ಕವಾಗಿ ಕೂತಿತ್ತು. ಟಿವಿ ಇರುವುದೇ ಬೇರೆ, ಟಿವಿ ಬರುವುದೇ ಬೇರೆ ಅಂತ ಆಗಲೇ ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2 ಇಳಿಯುವಾಗ ರಾತ್ರಿ ಎರಡು ಗಂಟೆವರೆಗೆ ಎದ್ದು ಕೂತಿದ್ದ. ಕೊನೆಗೆ ಸಿಗ್ನಲ್ ಕಡಿದು ಹೋದಾಗ ಟಿವಿ ಆರಿಸಿ, ಯಾರ ಹತ್ತಿರವೂ ಮಾತಾಡದೆ ಮಲಗಿದ ಅಂತ ಅವ್ವ ಫೋನಿನಲ್ಲಿ ಹೇಳಿದ್ದಳು. ಅಂಥವನಿಗೆ "ನೋಡೋಣ ಅಪ್ಪಾ" ಅಂದುಬಿಟ್ಟೆ.

ಬಾವಲಿ ರೆಕ್ಕೆ

ಗಾಡಿ 25 ಅಡಿ ಉದ್ದದ್ದು. ಹಳೆಯದು. ಕೊಡುವಾಗ ಅದರ ಒಡತಿ, ಎಪ್ಪತ್ತರ ಹತ್ತಿರದ ಹೆಂಗಸು, ಗ್ಯಾಸು, ನೀರು, ಕಕ್ಕಸಿನ ಟ್ಯಾಂಕು ಎಲ್ಲ ತೋರಿಸಿ ಕೊನೆಗೆ ಬೀಗದ ಕೈಗೆ ಕಟ್ಟಿದ್ದ ಕೆಂಪು ಬಟ್ಟೆಯ ಚೂರು ಹಿಡಿದು ತೋರಿಸಿದರು. ಅದು ಆಂಟೆನಾ ನೆನಪಿಗೆ. ಎತ್ತಿದ ಆಂಟೆನಾ ಇಳಿಸದೆ ಗಾಡಿ ಹೊರಡಿಸಿ ಮರದ ಕೊಂಬೆಗೆ ಕೊಟ್ಟವರು ಎಷ್ಟೋ ಜನ. ಅವರೂ ಒಮ್ಮೆ ಕೊಟ್ಟಿದ್ದರಂತೆ. ಆಂಟೆನಾ ಎತ್ತಿದಾಗ ಆ ಬಟ್ಟೆಯನ್ನು ಸ್ಟಿಯರಿಂಗಿಗೆ ಕಟ್ಟಬೇಕು, ಇಳಿಸಿದ ಮೇಲೆ ಬಿಚ್ಚಬೇಕು.

ಆ ಆಂಟೆನಾ ನೋಡಲು ಬಾವಲಿ ರೆಕ್ಕೆ ಬಿಚ್ಚಿದ ಹಾಗೆ ಇರುತ್ತದೆ. ಇಲ್ಲಿನವರು ಕರೆಯುವುದೂ ಹಾಗೇ, ಬ್ಯಾಟ್‌ವಿಂಗ್ ಅಂತ. ಗಾಡಿ ಓಡುವಾಗ ಸೂರಿನ ಮೇಲೆ ಮಲಗಿರುತ್ತದೆ. ಒಳಗೆ ತಲೆಯ ಮೇಲೆ ಒಂದು ಪುಟ್ಟ ಹಿಡಿಕೆ. ಅದನ್ನು ಗಿರಗಿರ ತಿರುಗಿಸಿದರೆ ಆಂಟೆನಾ ಎದ್ದು ನಿಲ್ಲುತ್ತದೆ. ಹಿಡಿಕೆಯ ಸುತ್ತ ಒಂದು ಬಳೆ ಇದೆ, ಅದನ್ನು ಕೆಳಕ್ಕೆ ಎಳೆದು ತಿರುಗಿಸಿದರೆ ದಿಕ್ಕು ಬದಲಾಗುತ್ತದೆ. ಗೋಡೆಯಲ್ಲಿ ಒಂದು ಗುಂಡಿ, ಒತ್ತಿದರೆ ಹಸಿರು ದೀಪ. ಅದು ಬೂಸ್ಟರ್. ಆ ದೀಪ ಹತ್ತದಿದ್ದರೆ ಆಂಟೆನಾ ಎಷ್ಟು ತಿರುಗಿಸಿದರೂ ದಂಡ. ಬ್ಯಾಟರಿಯಿಂದ ಬರುವ 12 ವೋಲ್ಟ್ ಅದೇ ಕೇಬಲ್ಲಿನಲ್ಲಿ ಮೇಲೆ ಹೋಗಿ, ಆಂಟೆನಾದ ತಲೆಯಲ್ಲೇ ಕೂತಿರುವ ಆಂಪ್ಲಿಫೈಯರ್‌ಗೆ ಸಿಗಬೇಕು. ನಾನು ಮೊದಲ ಸಂಜೆ ಮುಕ್ಕಾಲು ಗಂಟೆ ದೀಪ ಹಾಕದೆಯೇ ತಿರುಗಿಸಿದೆ. ಇದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ. ಓದಿದರೆ ಗೊತ್ತಾಗಲಿ.

ನಾವಿದ್ದದ್ದು ಲಡಿಂಗ್ಟನ್ ಮತ್ತು ಮ್ಯಾನಿಸ್ಟಿ ಊರುಗಳ ನಡುವೆ, ನ್ಯಾಷನಲ್ ಫಾರೆಸ್ಟ್ ಒಳಗಿನ ಲೇಕ್ ಮಿಷಿಗನ್ ರಿಕ್ರಿಯೇಷನ್ ಏರಿಯಾದಲ್ಲಿ. ಪಕ್ಕದಲ್ಲೇ ನಾರ್ಡ್‌ಹೌಸ್ ಮರಳು ದಿಬ್ಬಗಳು. ಹೆದ್ದಾರಿ ಬಿಟ್ಟು ಕಾಡಿನ ದಾರಿ ಹಿಡಿದ ಮೇಲೆ ಫೋನಿನ ಕಡ್ಡಿಗಳು ಒಂದೊಂದಾಗಿ ಬಿದ್ದವು. ಕರೆಂಟ್ ಇಲ್ಲ. ಗಾಡಿಯ ಬ್ಯಾಟರಿಯಲ್ಲೇ ದೀಪ, ಪಂಪು, ಫ್ಯಾನು, ಟಿವಿ ಎಲ್ಲ ನಡೆಯಬೇಕು. ಹಳೆಯ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಅದರ ಆಯಸ್ಸು ಹೋಗುತ್ತದೆ. ಹಾಗಾಗಿ ಟಿವಿ ಹಾಕಿದಾಗಲೆಲ್ಲ ಅವ್ವ ಫ್ಯಾನ್ ಆರಿಸುತ್ತಿದ್ದಳು. ಊರಿನಲ್ಲಿ ಲೋಡ್ ಶೆಡ್ಡಿಂಗ್ ಕಾಲದಲ್ಲಿ ಇನ್ವರ್ಟರ್ ಕಾದವಳು. ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಸಂಜೆ ಸಿಕ್ಕಿದ್ದು ಸೊನ್ನೆ. ಸ್ಕ್ಯಾನ್ ಅಂತ ಒತ್ತಿದರೆ ಟಿವಿ 2ರಿಂದ 36ರವರೆಗೆ ಒಂದೊಂದೇ ಚಾನೆಲ್ ಹುಡುಕುತ್ತಾ ಹೋಗುತ್ತದೆ. ನೀಲಿ ಪಟ್ಟಿ ನಿಧಾನಕ್ಕೆ ತುಂಬುತ್ತದೆ. ಕೊನೆಗೆ "0 ಚಾನೆಲ್" ಅನ್ನುತ್ತದೆ. ಆಂಟೆನಾ ಸ್ವಲ್ಪ ತಿರುಗಿಸಿ ಮತ್ತೆ ಮೊದಲಿಂದ. ಡಿಜಿಟಲ್ ಟಿವಿಯ ದೊಡ್ಡ ಕಷ್ಟ ಇದೇ. ಅಮೆರಿಕದಲ್ಲಿ ದೊಡ್ಡ ಸ್ಟೇಷನ್‌ಗಳೆಲ್ಲ ಹಳೆಯ ಅನಲಾಗ್ ನಿಲ್ಲಿಸಿದ್ದು 2009ರ ಜೂನ್ 12ಕ್ಕೆ. ಅದಕ್ಕಿಂತ ಮುಂಚೆ ಸಿಗ್ನಲ್ ಕಡಿಮೆ ಇದ್ದರೆ ಚುಕ್ಕಿ ಚುಕ್ಕಿ ಬರುತ್ತಿತ್ತು, ಚುಕ್ಕಿಯ ಹಿಂದೆ ಒಂದು ಮುಖ ಅಲ್ಲಾಡುತ್ತಿತ್ತು, ಮಾತಾದರೂ ಕೇಳುತ್ತಿತ್ತು. ಚುಕ್ಕಿ ಕಡಿಮೆಯಾದರೆ ದಾರಿ ಸರಿ, ಜಾಸ್ತಿಯಾದರೆ ತಪ್ಪು. ಈಗ ಆ ಮರ್ಜಿ ಇಲ್ಲ. ಒಂದು ಮಟ್ಟದ ಮೇಲಿದ್ದರೆ ಕನ್ನಡಿಯ ಹಾಗೆ ಚಿತ್ರ. ಸ್ವಲ್ಪ ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಇನ್ನೂ ಸ್ವಲ್ಪ ಇಳಿದರೆ ಕಪ್ಪು. ಹತ್ತಿರ ಬಂದಿದ್ದೀಯಾ, ದೂರ ಹೋಗಿದ್ದೀಯಾ ಅಂತ ಏನೂ ಹೇಳುವುದಿಲ್ಲ. (ದೂರದರ್ಶನದ ಕಾಲದಲ್ಲಿ ಅಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ್ದು, ನಾನು ಕೆಳಗಿಂದ "ಬಂತು, ಬಂತು, ಹೋಯ್ತು" ಅಂದಿದ್ದು ನನಗೂ ಇದೆ. ಆದರೆ ಅದನ್ನು ನನ್ನ ವಯಸ್ಸಿನ ಎಲ್ಲರೂ ಬರೆದಾಗಿದೆ. ಬಿಡೋಣ.)

ಗಡಿಯಾರ ಒಂದು ತಾಸು ಹಿಂದೆ

ನಾನು ಆಂಟೆನಾ ತಿರುಗಿಸಿದ್ದು ಮೂಡಣಕ್ಕೆ. ಬುದ್ಧಿ ಇರುವ ಯಾರಾದರೂ ಅದನ್ನೇ ಮಾಡುತ್ತಾರೆ. ಪಡುವಣಕ್ಕೆ ಬರೀ ನೀರು. ಸುಮಾರು 60 ಮೈಲಿ ನೀರು, ಅದರಾಚೆ ವಿಸ್ಕಾನ್ಸಿನ್ ರಾಜ್ಯ. ನಮ್ಮ ಮಿಷಿಗನ್‌ನ ಟವರ್ ಇರುವುದು ಮೂಡಣಕ್ಕೆ ಕ್ಯಾಡಿಲಾಕ್ ಊರಿನ ಕಡೆ, 50 ಮೈಲಿಗಿಂತ ಸ್ವಲ್ಪ ದೂರ. ಮಾರನೇ ದಿನ ಹಸಿರು ದೀಪ ಹಾಕಿ ತಿರುಗಿಸಿದಾಗ ಅಲ್ಲಿಂದ ಒಂದೇ ಒಂದು ಚಾನೆಲ್ ಸಿಕ್ಕಿತು. ಅದೂ ಮರದ ಎಲೆ ಅಲ್ಲಾಡಿದರೆ ಚೌಕ ಚೌಕ. ಸುದ್ದಿ ಓದುವವರ ಗಲ್ಲ ಒಂದು ಕಡೆ, ಮೂಗು ಒಂದು ಕಡೆ. ಮಗಳು ನೋಡಿ ನಕ್ಕೂ ನಕ್ಕೂ ಸುಸ್ತಾದಳು.

ಅವತ್ತು ಮಂಗಳವಾರ, 22. ಪಕ್ಕದ ಸೈಟಿನಲ್ಲಿ ಟ್ರೇಲರ್ ಹಾಕಿಕೊಂಡಿದ್ದ ಒಬ್ಬ ಮುದುಕ ನಮ್ಮನ್ನು ಬೆಳಗಿನಿಂದ ನೋಡುತ್ತಿದ್ದ. ಓಹಾಯೊ ಕಡೆಯವನು, ಎಲೆಕ್ಟ್ರಿಷಿಯನ್ ಆಗಿದ್ದವನು. ಪ್ರತಿ ಬೇಸಿಗೆ ಇಲ್ಲೇ ಬರುತ್ತಾನಂತೆ. ಮಧ್ಯಾಹ್ನ ಎದ್ದು ಬಂದ. ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ, ಹೊರಗೆ ಕುರ್ಚಿಯಲ್ಲಿದ್ದ ಅಪ್ಪನ ಎದುರಿಗೆ ನಿಂತು ಸರೋವರದ ಕಡೆ ಕೈ ಮಾಡಿದ. ಗಾಳಿ ಬಿಸಿ, ನೀರು ತಂಪು, ಇವತ್ತು ಆ ಕಡೆ ತಿರುಗಿಸಿ ಅಂದ. ಅಪ್ಪನಿಗೆ ಅವನ ಇಂಗ್ಲಿಷು ಅರ್ಧ ಮಾತ್ರ ಹತ್ತಿತು. ಆದರೆ "ಹಾಟ್ ಏರ್, ಕೋಲ್ಡ್ ವಾಟರ್" ಅನ್ನುವುದು ಸಾಕಾಯಿತು. ಎಂಟನೇ ಕ್ಲಾಸಿನ ಪಾಠ. ಅಪ್ಪನ ಮುಖ ಅರಳಿತು. ಒಂದು ಅಂಗೈ ಕೆಳಗೆ ಹಿಡಿದ, ಇನ್ನೊಂದು ಅಂಗೈಯನ್ನು ಅದರ ಮೇಲೆ ಮುಚ್ಚಳದ ಹಾಗೆ ತಂದ. ಮುದುಕ ತಲೆಯಾಡಿಸಿದ. ಇಬ್ಬರೂ ಐದು ನಿಮಿಷ ಕೈಯಲ್ಲೇ ಮಾತಾಡಿದರು.

ವಿಷಯ ಇಷ್ಟೇ. ಟಿವಿ ಸಿಗ್ನಲ್ ಹೆಚ್ಚುಕಮ್ಮಿ ನೇರ ಹೋಗುತ್ತದೆ. ಭೂಮಿ ಬಾಗುತ್ತದೆ. 1000 ಅಡಿ ಎತ್ತರದ ಟವರಿನ ಸಿಗ್ನಲ್ ನೆಲಮಟ್ಟದಲ್ಲಿ 45 ಮೈಲಿ ಹೋಗುವಷ್ಟರಲ್ಲಿ ಭೂಮಿಯ ಬಾಗಿನ ಹಿಂದೆ ಸರಿಯುತ್ತದೆ, ಆಮೇಲೆ ನಮ್ಮ ತಲೆಯ ಮೇಲಿಂದಲೇ ಆಕಾಶಕ್ಕೆ ಹೋಗಿಬಿಡುತ್ತದೆ. ವಿಸ್ಕಾನ್ಸಿನ್‌ನ ಗ್ರೀನ್ ಬೇ ಊರಿನ ಟವರ್‌ಗಳು ನಮ್ಮಿಂದ ಸುಮಾರು 80 ಮೈಲಿ. ಮಾಮೂಲಿ ದಿನ ಸಿಗುವ ಮಾತೇ ಇಲ್ಲ. ಆದರೆ ಆ ವಾರ ಅಮೆರಿಕದ ನಡುಭಾಗದ ಮೇಲೆ ಬಿಸಿಗಾಳಿಯ ದೊಡ್ಡ ಗುಡಾರ ಕೂತಿತ್ತು. ಆ ಬಿಸಿಗಾಳಿ ತಂಪು ಸರೋವರದ ಮೇಲೆ ಹರಿದಾಗ, ಕೆಳಗೆ ತಂಪು, ಮೇಲೆ ಬಿಸಿ, ಉಲ್ಟಾ ಪದರ. ಆ ಮುಚ್ಚಳಕ್ಕೆ ತಾಗಿದ ಸಿಗ್ನಲ್ ಮೇಲೆ ಹೋಗದೆ ಕೆಳಕ್ಕೆ ಬಾಗುತ್ತದೆ. ನೀರಿನ ಮೇಲೆ ಕೊಳವೆಯಲ್ಲಿ ಹರಿದ ಹಾಗೆ ಹರಿದು ಆಚೆ ದಂಡೆಗೆ ಬಂದು ಬೀಳುತ್ತದೆ. ಬೇಸಿಗೆಯಲ್ಲಿ ಈ ದಂಡೆಯವರಿಗೆ ಇದು ಹೊಸದಲ್ಲ.

ಸಂಜೆ ಅಪ್ಪ ಒಳಗೆ ಬಂದು "ನೀ ಸರಿ ತಮ್ಮಾ, ನಾ ತಿರುವತೀನಿ" ಅಂದ. ಬಳೆ ಹಿಡಿದು, ಎಳ್ಳು ಕಾಳಿನಷ್ಟು, ಮತ್ತೆ ಎಳ್ಳು ಕಾಳಿನಷ್ಟು. ನನಗೆ ತಾಳ್ಮೆ ಇಲ್ಲ, ನಾನು ಮುಷ್ಟಿಗಟ್ಟಲೆ ತಿರುಗಿಸುತ್ತಿದ್ದೆ. ನಾಲ್ಕನೇ ಸ್ಕ್ಯಾನಿಗೆ ಸಂಖ್ಯೆ ಏರತೊಡಗಿತು. 3. 5. 9. ಕೊನೆಗೆ 14 ಚಾನೆಲ್. ಪರದೆಯಲ್ಲಿ ಒಬ್ಬ ದಪ್ಪ ಮನುಷ್ಯ ಹವಾಮಾನ ಹೇಳುತ್ತಿದ್ದ. ಎಳ್ಳಷ್ಟೂ ಅಲ್ಲಾಟ ಇಲ್ಲದ ಚಿತ್ರ. ಅವನ ಟೈಯ ಗೆರೆ ಕೂಡ ಎಣಿಸಬಹುದಿತ್ತು. ಅವ್ವ ಸೂಸಲಾ ಕಲಸುತ್ತಿದ್ದವಳು ಸೌಟು ಹಿಡಿದೇ ಬಂದಳು.

ನಾವೆಲ್ಲ "ಬಂತು!" ಅಂತ ಕೂಗಾಡುವಾಗ ಅಪ್ಪ ಪರದೆಯ ಕೆಳಗಿನ ಮೂಲೆ ನೋಡುತ್ತಿದ್ದ. ಅಲ್ಲಿ ಗಡಿಯಾರ 6:22 ಅನ್ನುತ್ತಿತ್ತು. ಗಾಡಿಯ ಗಡಿಯಾರದಲ್ಲಿ 7:22.

"ತಾಸು ಹಿಂದೈತಿ" ಅಂದ. ಆಮೇಲೆ ನಕಾಶೆ ತೋರಿಸಿದ. "ನೋಡಿಲ್ಲಿ. ಕೆರಿ ಬಲಗಡೆ ಐತಿ. ನಮಗ ಕೆರಿ ಎಡಗಡೆ ಅಲ್ಲೇನು? ಇದು ನಮ್ಮ ದಂಡೀದಲ್ಲ, ಆ ದಂಡೀದು."

ಹೌದು. ವಿಸ್ಕಾನ್ಸಿನ್ ಸೆಂಟ್ರಲ್ ಟೈಮ್, ನಮ್ಮದು ಈಸ್ಟರ್ನ್. ಅವರ ನಕಾಶೆಯಲ್ಲಿ ಸರೋವರ ಬಲ ಅಂಚಿನಲ್ಲಿತ್ತು. ನೀಲಿ ಮುಗಿದಲ್ಲಿ ಪರದೆಯೇ ಮುಗಿದಿತ್ತು. ಆ ನಕಾಶೆಯ ಪ್ರಕಾರ ನಾವು ಟಿವಿಯ ಚೌಕಟ್ಟಿನ ಹೊರಗೆ, ಪ್ಲಾಸ್ಟಿಕ್ ಅಂಚಿನ ಆಚೆ ಎಲ್ಲೋ ಕೂತಿದ್ದೆವು. ಮಗಳು ಎದ್ದು ಹೋಗಿ ಟಿವಿ ಪಕ್ಕದ ಗೋಡೆ ಮುಟ್ಟಿ, "ಅಜ್ಜಾ, ನಾವು ಇಲ್ಲಿದೀವಿ" ಅಂದಳು.

ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಫೋನಿನಲ್ಲಿ ನೋಡುವ ವೀಡಿಯೊಗೆ ಊರೇ ಇಲ್ಲ. ನೋವಿಯಲ್ಲಿ ಕೂತರೂ ಅದೇ, ನಾರ್ಡ್‌ಹೌಸ್ ದಿಬ್ಬದಲ್ಲಿ ಕೂತರೂ ಅದೇ, ರಾಯಚೂರಲ್ಲಿ ಕೂತರೂ ಅದೇ. ಆಂಟೆನಾ ಹಾಗಲ್ಲ. ಅದು ಮೊದಲು ಕೇಳುವುದು ನೀನು ಎಲ್ಲಿದ್ದೀಯಾ ಅಂತ. ದಿಬ್ಬ ಯಾವ ಕಡೆ, ಮರ ಎಷ್ಟೆತ್ತರ, ಹತ್ತಿರದ ಪೇಟೆ ಯಾವುದು, ಗಾಳಿ ಯಾವ ಕಡೆಯದು. ಇದಕ್ಕೆಲ್ಲ ಉತ್ತರ ಗೊತ್ತಿಲ್ಲದವನಿಗೆ ಸೊನ್ನೆ ಚಾನೆಲ್. ಉತ್ತರ ಸಿಕ್ಕಿದರೆ ಬರುವುದೂ ಆ ಸೀಮೆಯ ಸುದ್ದಿಯೇ. ಯಾವುದೋ ಶಾಲೆಯ ಬಸ್ಸು, ಯಾವುದೋ ಸೇತುವೆಯ ರಿಪೇರಿ, ಗ್ರೀನ್ ಬೇ ಪ್ಯಾಕರ್ಸ್ ಅನ್ನುವ ಫುಟ್‌ಬಾಲ್ ತಂಡದಲ್ಲಿ ಹೊಸದಾಗಿ ಮುಖ್ಯ ಆಟಗಾರನಾದ ಹುಡುಗ ಹಳಬನ ಜಾಗ ತುಂಬುತ್ತಾನೋ ಇಲ್ಲವೋ ಅನ್ನುವ ಚಿಂತೆ. ಪ್ಯಾಕರ್ಸ್ ತಂಡಕ್ಕೆ ಒಬ್ಬ ಸಾಹುಕಾರ ಮಾಲೀಕ ಇಲ್ಲ, ಜನರೇ ಷೇರು ಇಟ್ಟುಕೊಂಡಿದ್ದಾರೆ ಅಂತ ಪಕ್ಕದ ಮುದುಕ ಹೇಳಿದಾಗಿನಿಂದ ಅಪ್ಪ ಆ ತಂಡದ ಪಕ್ಷ. ಆಟದ ನಿಯಮ ಒಂದೂ ಗೊತ್ತಿಲ್ಲ.

ಇತ್ತೀಚೆಗೆ ಕ್ಯಾಂಪ್‌ಗ್ರೌಂಡುಗಳಲ್ಲಿ ಉಪಗ್ರಹದಿಂದ ಇಂಟರ್ನೆಟ್ ತರುವ ಸ್ಟಾರ್‌ಲಿಂಕ್‌ನ ಬಿಳಿ ತಟ್ಟೆ ಕಾಣುವುದು ಜಾಸ್ತಿ. ಒಳ್ಳೆಯದೇ. ನಾನೂ ಒಂದು ದಿನ ತಗೊಳ್ಳುತ್ತೇನೇನೋ. ಆದರೆ ಅದರ ಮುಂದೆ ಇಬ್ಬರು ಮುದುಕರು ನಿಂತು ಕೈಯಲ್ಲಿ ಗಾಳಿಯ ಪದರ ಮಾಡಿ ತೋರಿಸುವ ಹಾಗಿಲ್ಲ.

ಕೋಳಿ ಜಾಲರಿ

ಆ ರಾತ್ರಿ ಬೆಂಕಿ ಮುಂದೆ ಕೂತಾಗ ಅಪ್ಪ ಒಂದು ಮಾತು ಹೇಳಿದ. "ಆವಾಗೂ ಪಡುವಣ ದಿಕ್ಕಿಗೇ ಇತ್ತು." ಯಾವಾಗ ಅಂತ ಕೇಳಿದರೆ, 1975.

ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ಕಳಿಸಿದ ಸೈಟ್ (SITE) ಪ್ರಯೋಗದ ಬಗ್ಗೆ ನಾನು ಓದಿದ್ದೆ. ಆದರೆ ಅಪ್ಪ ಅದರಲ್ಲಿ ಒಬ್ಬ ಅಂತ ನಲವತ್ತು ವರ್ಷ ಹತ್ತಿರ ಬಂದರೂ ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ, ಹೇಳಿರಲಿಲ್ಲ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಭಾರತದ ಕೆಲಸಕ್ಕೆ ಕೊಟ್ಟಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31. ಇಸ್ರೋ ನಡೆಸಿದ ಪ್ರಯೋಗ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಆಕಾಶದಿಂದ ಟಿವಿ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ, ಲೆಕ್ಕ ಹಾಕಿ. ಬೆಂಗಳೂರಿನವರು ರೇಡಿಯೋ ಕೇಳುತ್ತಿದ್ದಾಗ ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ನಮ್ಮ ಅಪ್ಪ ಟಿವಿ ನೋಡುತ್ತಿದ್ದ. ಹೆಂಡತಿ ಮೈಸೂರಿನವಳು. ಅವಳಿಗೆ ಇದನ್ನು ಎರಡು ಸಲ ಹೇಳಿದೆ.

ಅಪ್ಪನಿಗೆ ಆಗ ಹದಿನಾಲ್ಕು. ಶಾಲೆಯ ಮಾಳಿಗೆ ಮೇಲೆ ಹತ್ತು ಅಡಿ ಅಗಲದ ಒಂದು ಬುಟ್ಟಿ ತಂದು ಕೂರಿಸಿದರು. ಕೋಳಿ ಗೂಡಿಗೆ ಹಾಕುವ ಜಾಲರಿಯಿಂದ ಮಾಡಿದ್ದು. ಅದು ಮೂಡಣಕ್ಕೂ ಅಲ್ಲ, ನೆತ್ತಿಗೂ ಅಲ್ಲ, ಪಡುವಣದ ಕಡೆ ಓರೆಯಾಗಿ ಮುಖ ಮಾಡಿತ್ತು. ಉಪಗ್ರಹ ಇದ್ದದ್ದು ಆಫ್ರಿಕಾದ ಮೇಲೆ. ಅದಕ್ಕೆ ಮೂವತ್ತು ಅಡಿಯ ಕೊಡೆಯಂಥ ಆಂಟೆನಾ ಇತ್ತು. ಮೇಲೆ ಅಷ್ಟು ದೊಡ್ಡ ಕೊಡೆ ಇದ್ದದ್ದಕ್ಕೇ ಕೆಳಗೆ ಕೋಳಿ ಜಾಲರಿ ಸಾಕಾಯಿತು. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ಊರಿಗೆಲ್ಲ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು ಕುಣಿತ.

"ಮೊದಲ ಎಂಟು ದಿನ ಊರಿಗೆ ಊರೇ ಬಂತು" ಅಂದ ಅಪ್ಪ. "ಆಮೇಲೆ ಗೊಬ್ಬರ, ಬೀಜ, ಗೊಬ್ಬರ, ಬೀಜ. ದೊಡ್ಡವರು ಎದ್ದು ಹೋದರು. ನಾವು ಹುಡುಗರಷ್ಟs ಉಳಿದ್ವಿ." ಅವನು ಉಳಿದದ್ದು ಕಾರ್ಯಕ್ರಮಕ್ಕಲ್ಲವಂತೆ. ಟಿವಿ ನೋಡಿಕೊಳ್ಳುವ ಮಾಸ್ತರು ಸಂಜೆ ಪೆಟ್ಟಿಗೆಯ ಬಾಗಿಲು ತೆಗೆದು ಗುಂಡಿ ತಿರುಗಿಸಿ, ಚಿತ್ರ ಬರುವವರೆಗಿನ ಆ ಒಂದು ನಿಮಿಷಕ್ಕೆ. "ಇವತ್ತು ಬರತೈತೋ ಇಲ್ಲೋ ಅಂತ ಎದಿ ಡಬಡಬ ಅಂತಿತ್ತು. ಬಂದ ಮ್ಯಾಲೆ ಏನೂ ಇಲ್ಲ."

1976ರ ಜುಲೈ ಮುಗಿದ ದಿನ ಅದು ನಿಂತಿತು. ಉಪಗ್ರಹ ವಾಪಸ್ ಹೋಗುತ್ತದೆ ಅಂತ ಮಾಸ್ತರು ಮುಂಚೆಯೇ ಹೇಳಿದ್ದರು. ಆದರೂ ಹುಡುಗರು ಮಾರನೇ ಸಂಜೆ ಹೋಗಿ ಕೂತರಂತೆ. ಮಾಸ್ತರು ಬೈಯಲಿಲ್ಲ. ಗುಂಡಿ ತಿರುಗಿಸಿ ತೋರಿಸಿದರು. ಬರೀ ಚುಕ್ಕಿ. ಅಪ್ಪ ಅದರ ಮುಂದೆ ಎಷ್ಟು ಹೊತ್ತು ಕೂತಿದ್ದನೋ. ಜಾಲರಿ ಬುಟ್ಟಿ ಕೆಲವು ತಿಂಗಳು ಮಾಳಿಗೆಯ ಮೇಲೆ ಹಾಗೇ ಇತ್ತು. ಪಡುವಣಕ್ಕೆ ಮುಖ ಮಾಡಿಕೊಂಡು, ಒಳಗೆ ಗುಬ್ಬಿ ಕೂರಿಸಿಕೊಂಡು.

"ಆ ಉಪಗ್ರಹ ಈ ದೇಶದ್ದs ನೋಡು" ಅಂತ ಬೆಂಕಿಗೆ ಒಂದು ಕಟ್ಟಿಗೆ ಹಾಕಿದ.

ಆರು ಗಂಟೆ ನಾಲ್ಕು ನಿಮಿಷ

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಮಂಗಳವಾರ ರಾತ್ರಿಯೇ ಹೆಂಡತಿ ಸರಿಯಾದ ಮಾತು ಹೇಳಿದ್ದಳು. "ಬೆಳಿಗ್ಗೆ ಏಳೂವರೆಗೆ ಹೊರಟುಬಿಡೋಣ. ಮ್ಯಾನಿಸ್ಟಿಗೆ ಹೋದ್ರೆ ಫೋನ್ ಸಿಗತ್ತೆ. ಯಾವ್ದಾದ್ರೂ ಅಂಗಡಿ ಮುಂದೆ ನಿಲ್ಲಿಸಿ ಇಸ್ರೋ ಲೈವ್ ನೋಡೋಣ. ಮಾವ, ನೀವೇನಂತೀರಿ?" ಮಾವ ನನ್ನ ಮುಖ ನೋಡಿದ. ನಾನು, "ಟಿವಿ ಬಂದಿದೆಯಲ್ಲ, 14 ಚಾನೆಲ್. ಯಾರಾದ್ರೂ ತೋರಿಸ್ತಾರೆ. ಚಂದ್ರನ ಮೇಲೆ ಇಳಿಯೋದು ಅಂದ್ರೆ ಸಣ್ಣ ಸುದ್ದಿನಾ?" ಅಂದೆ. ಗಾಡಿ ಹೊರಡಿಸುವುದು ಅಂದರೆ ಸಾಮಾನೆಲ್ಲ ಕಟ್ಟಬೇಕು, ಆಂಟೆನಾ ಇಳಿಸಬೇಕು ಅಂತಲೂ ಸೇರಿಸಿದೆ. ನಿಜ ಏನೆಂದರೆ ಆಂಟೆನಾ ಇಳಿಸಲು ನನಗೆ ಮನಸ್ಸೇ ಇರಲಿಲ್ಲ. ಅಷ್ಟು ಕಷ್ಟಪಟ್ಟು ಹಿಡಿದದ್ದು. ಅಪ್ಪ ಅದನ್ನು ಒಪ್ಪಿದ. ಅವನಿಗೂ ಹಾಗೇ ಅನಿಸಿತ್ತೋ, ನನಗೆ ಬೇಜಾರಾಗಬಾರದು ಅಂತಲೋ, ಇವತ್ತಿಗೂ ಕೇಳಿಲ್ಲ.

ಬುಧವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಟಿವಿ ಎದುರು ಕೂತ. ಅವನ ಕೈಗಡಿಯಾರ ಮೂರು ತಿಂಗಳಾದರೂ ಭಾರತದ ಸಮಯದಲ್ಲೇ ಇತ್ತು. ಬದಲಾಯಿಸಲು ಕೊಟ್ಟೇ ಇರಲಿಲ್ಲ. ಹಾಗಾಗಿ ಆ ಸಣ್ಣ ಗಾಡಿಯಲ್ಲಿ ಮೂರು ಕಾಲ ನಡೆಯುತ್ತಿತ್ತು. ಗೋಡೆಯಲ್ಲಿ 8:14, ಪರದೆಯಲ್ಲಿ 7:14, ಅಪ್ಪನ ಕೈಯಲ್ಲಿ ಸಂಜೆ 5:44. "ಈಗ ಇಳಿಯಾಕ ಸುರು ಮಾಡತೈತಿ" ಅಂದ. ಟಿವಿಯಲ್ಲಿ ಯಾರೋ ಇಬ್ಬರು ಸೋಫಾದಲ್ಲಿ ಕೂತು ಮಕ್ಕಳ ಶಾಲೆಯ ಡಬ್ಬಿಗೆ ಏನು ಹಾಕಬೇಕು ಅಂತ ಮಾತಾಡುತ್ತಿದ್ದರು. ಚಾನೆಲ್ ಬದಲಾಯಿಸಿದೆ. ಹಾಸಿಗೆಯ ಜಾಹೀರಾತು. ಇನ್ನೊಂದು. ಮಕ್ಕಳ ಕಾರ್ಟೂನ್. ಇನ್ನೊಂದು. ಹಳೆಯ ಕೌಬಾಯ್ ಸೀರಿಯಲ್. ಹದಿನಾಲ್ಕೂ ತಿರುಗಿಸಿ ಮತ್ತೆ ಮೊದಲನೆಯದಕ್ಕೇ ಬಂದೆ.

"ಇರ್ಲಿ ಬಿಡು, ಅಲ್ಲೇ ಇಡು" ಅಂದ ಅಪ್ಪ. ಆಮೇಲೆ ಅವನು ಟಿವಿ ನೋಡಲಿಲ್ಲ. ಗಡಿಯಾರ ನೋಡುತ್ತಾ ತಾನೇ ಹೇಳತೊಡಗಿದ, ಮಗಳಿಗೆ. ಈಗ ವೇಗ ಕಡಿಮೆ ಮಾಡತೈತಿ. ಈಗ ನೆಟ್ಟಗ ಆಗತೈತಿ. ಈಗ ಜಾಗ ಹುಡುಕತೈತಿ, ಕಲ್ಲಿಲ್ಲದ ಜಾಗ. ಮಗಳು ಅಜ್ಜನ ಮೊಣಕೈ ಹಿಡಿದು ಕೂತಿದ್ದಳು. 6:04 ಆಯಿತು. ಟಿವಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಗ್ರೀನ್ ಬೇ ಹವಾಮಾನ ಬಂತು. ನಕಾಶೆ ಪೂರ್ತಿ ಕೆಂಪು. ಸೆಕೆಯ ಎಚ್ಚರಿಕೆ, ನೀರು ಕುಡಿಯಿರಿ, ವಯಸ್ಸಾದವರನ್ನು ನೋಡಿಕೊಳ್ಳಿ.

"ಮುಗೀತು" ಅಂದ ಅಪ್ಪ. ಇಳಿಯಿತೋ, ಬಿತ್ತೋ, ನಮಗ್ಯಾರಿಗೂ ಗೊತ್ತಿಲ್ಲ. ಎರಡೋ ಮೂರೋ ನಿಮಿಷ ಯಾರೂ ಮಾತಾಡಲಿಲ್ಲ. ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಅದು ಬೈಗುಳಕ್ಕಿಂತ ಜೋರಾಗಿತ್ತು.

ದಿಬ್ಬದ ಮೇಲೆ ಮರದ ಮೆಟ್ಟಿಲು ಹತ್ತಿ ಹೋದರೆ ಸರೋವರ ನೋಡಲು ಒಂದು ಅಟ್ಟಣೆ ಇದೆ. ಅಲ್ಲಿ ಕೆಲವೊಮ್ಮೆ ಒಂದು ಕಡ್ಡಿ ಸಿಗುತ್ತದೆ ಅಂತ ಪಕ್ಕದ ಮುದುಕ ಹೇಳಿದ್ದ. ನಾನು ಓಡಿದೆ. ಅಪ್ಪ ಹಿಂದೆಯೇ ಬಂದ, ಅರವತ್ತೆರಡರ ಮಂಡಿ, ಮೆಟ್ಟಿಲಿಗೊಮ್ಮೆ ಕಟಾಂಜನ ಹಿಡಿಯುತ್ತಾ. ಮೇಲೆ ನಿಂತು ಫೋನ್ ಎತ್ತಿ ಹಿಡಿದೆ. ಏನಿಲ್ಲ. ಅಟ್ಟಣೆಯ ಆ ಮೂಲೆಗೆ ಹೋದೆ. ಏನಿಲ್ಲ. ಅಪ್ಪ ಏದುಸಿರು ಬಿಡುತ್ತಾ ಬಂದು ನಿಂತ, ಫೋನ್ ತನ್ನ ಕೈಗೆ ತಗೊಂಡ. ಪಡುವಣಕ್ಕೆ ತಿರುಗಿ, ನಿಧಾನಕ್ಕೆ, ಎಳ್ಳು ಕಾಳಿನಷ್ಟು, ಮತ್ತೆ ಎಳ್ಳು ಕಾಳಿನಷ್ಟು. ಫೋನ್ ಹಾಗೆಲ್ಲ ಕೇಳುವುದಿಲ್ಲ ಅಪ್ಪಾ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅದು ಅವನ ಕೈಯಲ್ಲಿ ಗುಂಯ್ ಅಂದಿತು. ಮತ್ತೆ ಗುಂಯ್. ಸಾಲಾಗಿ ಹನ್ನೊಂದು ಮೆಸೇಜ್. ಎಲ್ಲಕ್ಕಿಂತ ಮೇಲೆ ರಾಯಚೂರಿನ ನನ್ನ ತಂಗಿಯದು. "ಇಳೀತು ಅಪ್ಪಾ!!! ನೋಡಿದ್ಯಾ???"

ಅಪ್ಪ ಕನ್ನಡಕ ಹಣೆಗೇರಿಸಿ ಅದನ್ನು ಎರಡು ಸಲ ಓದಿದ. ಉತ್ತರ ಬರೆಯಲು ಬೆರಳು ಇಟ್ಟ. "ನೋಡಿದೆ" ಅಂತ ಬರೆದ. ಆಮೇಲೆ ಅಳಿಸಿ, "ಕೇಳಿದೆ" ಅಂತ ಬರೆದ. ಕಳಿಸುವಷ್ಟರಲ್ಲಿ ಕಡ್ಡಿ ಹೋಗಿತ್ತು.

ಕೆಳಗೆ ಬಂದಾಗ ಅವ್ವ ಸಕ್ಕರೆ ಹಂಚಿದಳು, ಪಕ್ಕದ ಮುದುಕನಿಗೂ ಒಂದು ಚಮಚ. ಅವನು ಸಕ್ಕರೆ ಯಾಕೆ ಅಂತ ಕೇಳದೆ ಬಾಯಿಗೆ ಹಾಕಿಕೊಂಡ. ಟಿವಿ ಇನ್ನೂ ಓಡುತ್ತಲೇ ಇತ್ತು. ಅವಸರದಲ್ಲಿ ಯಾರೂ ಆರಿಸಿರಲಿಲ್ಲ, ಬ್ಯಾಟರಿ ಅರ್ಧಕ್ಕೆ ಬಂದಿತ್ತು.

ಮಾರನೇ ದಿನ ಗಾಳಿ ತಿರುಗಿತು. ಸ್ಕ್ಯಾನ್ ಮಾಡಿದರೆ ಸೊನ್ನೆ. ಶುಕ್ರವಾರ ಹೊರಡುವಾಗ ಕೆಂಪು ಬಟ್ಟೆ ಸ್ಟಿಯರಿಂಗಿನಲ್ಲೇ ಇದ್ದರೂ ನಾನು ಗಾಡಿ ಶುರು ಮಾಡಿಬಿಟ್ಟಿದ್ದೆ. ಹೊರಗೆ ನಿಂತು ಹಿಂದೆ ಮುಂದೆ ನೋಡುತ್ತಿದ್ದ ಅಪ್ಪ "ಏ, ಬಾವಲೀ!" ಅಂತ ಕೂಗಿದ್ದಕ್ಕೆ ಉಳಿಯಿತು.

ಅಪ್ಪ, ಅವ್ವ ಅಕ್ಟೋಬರಿನಲ್ಲಿ ಊರಿಗೆ ಹೋದರು. ವಾರಕ್ಕೆರಡು ಸಲ ಫೋನ್ ಮಾಡುತ್ತೇನೆ. ಅವ್ವ ಮೊಮ್ಮಗಳ ಊಟ ಕೇಳುತ್ತಾಳೆ. ಅಪ್ಪ ನನ್ನ ಕೆಲಸ ಕೇಳುತ್ತಾನೆ, ನೋವಿಯಲ್ಲಿ ಚಳಿ ಎಷ್ಟು ಅಂತ ಕೇಳುತ್ತಾನೆ. ಆಮೇಲೆ, ಇಡುವ ಮುಂಚೆ, ಒಮ್ಮೆಯೂ ಕಾಲಿಡದ ಊರಿನ ಬಗ್ಗೆ ಕೇಳುತ್ತಾನೆ. "ಗ್ರೀನ್ ಬೇ ಕಡೆ ಹಿಮ ಸುರು ಆತೇನು?" ನಾನು ಫೋನ್ ಕಿವಿಗೆ ಹಿಡಿದೇ ಕಂಪ್ಯೂಟರಿನಲ್ಲಿ ಹುಡುಕಿ, ಹೌದಪ್ಪಾ, ನಿನ್ನೆ ನಾಲ್ಕು ಇಂಚು ಬಿತ್ತು ಅಂತ ಹೇಳುತ್ತೇನೆ.